ಮಗನನ್ನು ಕೊಂದ ರುಸ್ತುಂನ ಮುಖದಲ್ಲಿ ಅಳು ಏಕಿಲ್ಲ?

ಪ್ರಶ್ನೆ: ವಿದೇಶದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಮ್ಯೂಸಿಯಂನಲ್ಲಿ ಪರ್ಷಿಯನ್ ಹಸ್ತಪ್ರತಿಯ ಒಂದು ಬಿಡಿ ಹಾಳೆ ನೋಡಿದೆ. ‘ಸೊಹ್ರಾಬನನ್ನು ಕೊಂದ ರುಸ್ತುಂ, ಷಾಹನಾಮೆ, ಶಿರಾಜ್, 16ನೇ ಶತಮಾನ’ ಎಂದಷ್ಟೇ ಬರೆದಿತ್ತು. ಫೋಟೋ ಕಳಿಸಿದ್ದೇನೆ. ನನಗೆ ನಮ್ಮ ಬಭ್ರುವಾಹನನ ಕಥೆ ನೆನಪಾಯಿತು. ಆದರೆ ಇಲ್ಲಿ ತಂದೆಯ ಮುಖದಲ್ಲಿ ಒಂದು ಹನಿ ದುಃಖವಿಲ್ಲ. ಸುತ್ತ ಹೂ ಅರಳಿವೆ, ಆಕಾಶ ಬಂಗಾರದ್ದು, ಕೆಳಗಿನ ಹಳ್ಳ ಮಾತ್ರ ಕಪ್ಪು. ಚಿತ್ರಕಾರನಿಗೆ ಭಾವ ಬರೆಯಲು ಬರುತ್ತಿರಲಿಲ್ಲವೇ? ಕಪ್ಪು ಹಳ್ಳ ಸಾವಿನ ಸಂಕೇತವೇ? ಅಲ್ಲದೆ ಇಸ್ಲಾಂನಲ್ಲಿ ಮನುಷ್ಯರ ಚಿತ್ರ ಬರೆಯುವುದು ನಿಷಿದ್ಧವಲ್ಲವೇ?
— ಓದುಗರು, ಧಾರವಾಡ

ಉತ್ತರ: ಕಪ್ಪು ಹಳ್ಳದಿಂದಲೇ ಶುರು ಮಾಡುತ್ತೇನೆ. ಆ ಹಳ್ಳದಲ್ಲಿ ನಾನೂ ಒಮ್ಮೆ ಜಾರಿ ಬಿದ್ದವನೇ. ಪಾಠ ಹೇಳಲು ಶುರು ಮಾಡಿದ ಹೊಸತು. ಇಂಥದ್ದೇ ಒಂದು ಹಾಳೆಯ ಸ್ಲೈಡ್ ಹಾಕಿ, ‘ನೋಡಿ, ಇದು ಸಾವಿನ ನದಿ’ ಎಂದು ಹುಡುಗರ ಮುಂದೆ ಅರ್ಧ ಗಂಟೆ ಕೊರೆದಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ, ಹಳೆಯ ಕಾಗದ ರಿಪೇರಿ ಮಾಡುವ ಹಿರಿಯರೊಬ್ಬರು ತರಗತಿ ಮುಗಿದ ಮೇಲೆ ಹತ್ತಿರ ಬಂದರು. ‘ಮನೆಯಲ್ಲಿ ಬೆಳ್ಳಿ ದೀಪ ಇದೆಯಾ? ಉಜ್ಜದೆ ಎರಡು ವರ್ಷ ಬಿಟ್ಟು ನೋಡಿ’ ಎಂದರು. ಅಷ್ಟೇ ಹೇಳಿ ಹೋದರು.

ನಿಮ್ಮ ಹಳ್ಳವೂ ಬೆಳ್ಳಿಯದೇ. ಬೆಳ್ಳಿಯ ತೆಳು ಹಾಳೆಯನ್ನು ಅಂಟಿನಲ್ಲಿ ಅರೆದು ಬಣ್ಣದಂತೆ ಕಲಸಿ ನೀರಿಗೆ, ಕತ್ತಿಯ ಅಲಗಿಗೆ, ಕವಚಕ್ಕೆ ಹಚ್ಚುತ್ತಿದ್ದರು. ಬರೆದ ದಿನ ಆ ಹಳ್ಳ ಫಳಫಳ ಹೊಳೆದಿರಬೇಕು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ನಾಲ್ಕುನೂರು ವರ್ಷಗಳಲ್ಲಿ ಅದು ಕಪ್ಪಾಗಿದೆ. ಸೊಹ್ರಾಬನ ಪಕ್ಕ ಬಿದ್ದಿರುವ ಶಿರಸ್ತ್ರಾಣವೂ ಕಪ್ಪಾಗಿದೆ, ನೋಡಿ. ಅದಕ್ಕೂ ಕಾರಣ ಇದೇ. ಚಿನ್ನಕ್ಕೆ ಆ ಕಾಟವಿಲ್ಲ. ಹಾಗಾಗಿ ಆಕಾಶ ಹಾಗೇ ಉಳಿದಿದೆ, ನೀರು ಮಾತ್ರ ಕೆಟ್ಟಿದೆ. ಚಿನ್ನದ ಆಕಾಶ ಎಂದರೆ ಹಗಲು. ರಾತ್ರಿಯಾದರೆ ಕಡುನೀಲಿ ಬಳಿದು ಚಂದ್ರನನ್ನೋ, ಯಾರದಾದರೂ ಕೈಯಲ್ಲಿ ಪಂಜನ್ನೋ ಇಡುತ್ತಿದ್ದರು. ಆ ಕತ್ತಲಲ್ಲೂ ಮನುಷ್ಯರ ಮೈಮೇಲೆ ಒಂದು ಚೂರು ನೆರಳು ಬೀಳುವುದಿಲ್ಲ. ಬೆಳಕು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ನೆರಳು ಚೆಲ್ಲಬೇಕು ಎಂಬುದು ಈ ಪರಂಪರೆಯ ಕಾಳಜಿಯೇ ಅಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಉತ್ತರಿಸುವ ಮೊದಲು ಕಥೆಯನ್ನು ಒಮ್ಮೆ ನೆನಪಿಸಿಕೊಳ್ಳೋಣ, ಏಕೆಂದರೆ ಚಿತ್ರದ ಬೀಗದ ಕೈ ಅದರಲ್ಲೇ ಇದೆ.

ಷಾಹನಾಮೆ ಎಂದರೆ ಇರಾನಿನ ದೊರೆಗಳ, ವೀರರ ಕಥೆ ಹೇಳುವ ಫಾರಸಿ ಮಹಾಕಾವ್ಯ. ತೂಸ್ ಊರಿನ ಕವಿ ಫಿರ್ದೌಸಿ ಅದನ್ನು ಮುಗಿಸಿದ್ದು 1010ರಲ್ಲಿ. ಸುಮಾರು 50,000 ದ್ವಿಪದಿಗಳು. ಅದರ ನಡಿಗೆ ನಿಮ್ಮ ಕಿವಿಗೆ ತೀರಾ ಹೊಸದೆನಿಸಲಾರದು: ಲಘು-ಗುರು-ಗುರು, ಅಂದರೆ ನಮ್ಮ ಯಗಣ, ಮೂರು ಸಲ ಬಂದು ಕೊನೆಗೊಂದು ಲಘು-ಗುರು. ಭುಜಂಗಪ್ರಯಾತದ ಬಾಲದಿಂದ ಒಂದು ಗುರು ಕಿತ್ತರೆ ಷಾಹನಾಮೆ! ಈ ಕಾವ್ಯದ ದೊಡ್ಡ ವೀರ ರುಸ್ತುಂ. ಕುಸ್ತಿಯ ಪೈಲ್ವಾನರಿಗೆ ಕೊಡುವ ‘ರುಸ್ತುಂ-ಎ-ಹಿಂದ್’ ಬಿರುದಿನಲ್ಲಿರುವವನು ಇವನೇ. ಕಳೆದುಹೋದ ತನ್ನ ಕುದುರೆ ರಖ್ಶ್‌ನನ್ನು ಹುಡುಕುತ್ತ ಸಮಂಗಾನ್ ಎಂಬಲ್ಲಿಗೆ ಹೋದವನು ಅಲ್ಲಿನ ರಾಜಕುವರಿ ತಹ್ಮೀನಾಳನ್ನು ಮದುವೆಯಾಗುತ್ತಾನೆ. ತೋಳಲ್ಲಿದ್ದ ಮಣಿಯೊಂದನ್ನು ಬಿಚ್ಚಿ ಅವಳ ಕೈಗಿತ್ತು, ಹೆಣ್ಣಾದರೆ ಮುಡಿಗೆ ಕಟ್ಟು, ಗಂಡಾದರೆ ತೋಳಿಗೆ ಕಟ್ಟು ಎಂದು ಹೇಳಿ ಹೊರಟುಬಿಡುತ್ತಾನೆ. ಹುಟ್ಟಿದವನು ಸೊಹ್ರಾಬ್. ಬೆಳೆದು, ತಂದೆಯನ್ನು ಹುಡುಕಿಕೊಂಡೇ, ಶತ್ರುದೇಶ ತೂರಾನಿನ ಸೇನೆಯೊಂದಿಗೆ ಇರಾನಿಗೆ ಬರುತ್ತಾನೆ. ಇಬ್ಬರೂ ಎದುರಾದಾಗ ರುಸ್ತುಂ ತನ್ನ ಹೆಸರು ಹೇಳುವುದಿಲ್ಲ. ಹುಡುಗ ಕೇಳುತ್ತಾನೆ, ಇವನು ಮುಚ್ಚಿಡುತ್ತಾನೆ. ಮಲ್ಲಯುದ್ಧದಲ್ಲಿ ಸೊಹ್ರಾಬ್ ಅವನನ್ನು ಕೆಡವಿ ಕಠಾರಿ ಎತ್ತುತ್ತಾನೆ. ಮೊದಲ ಸಲ ಬಿದ್ದವನನ್ನು ಕೊಲ್ಲಬಾರದು, ಎರಡನೆಯ ಸಲ ಬಿದ್ದರಷ್ಟೇ ಕೊಲ್ಲಬೇಕು, ನಮ್ಮಲ್ಲಿ ಅದೇ ರಿವಾಜು ಎಂದು ಹೇಳಿ ರುಸ್ತುಂ ಬಚಾವಾಗುತ್ತಾನೆ. ಮತ್ತೆ ಸೆಣಸಿದಾಗ ಸೊಹ್ರಾಬ್ ಬಿದ್ದ ಮೊದಲ ಏಟಿಗೇ ಇವನು ಇರಿದುಬಿಡುತ್ತಾನೆ. ತಾನೇ ಹೇಳಿದ ನಿಯಮವನ್ನು ತಾನೇ ಮುರಿಯುವ ವೀರ!

ಬಭ್ರುವಾಹನನ ಕಥೆ ನೆನಪಾಯಿತು ಎಂದಿರಿ. ಆದೀತು. ಆದರೆ ನಮ್ಮಲ್ಲಿ ಸಾಯುವವನು ತಂದೆ. ನಾಗಲೋಕದಿಂದ ಮಣಿ ಬಂದು ಅವನು ಎದ್ದು ಕೂರುತ್ತಾನೆ. ಇಲ್ಲಿ ಮಣಿ ಗುರುತು ಹಿಡಿಯಲಷ್ಟೇ ಸಿಗುತ್ತದೆ, ಜೀವ ಕೊಡುವುದಿಲ್ಲ. ಜೀವ ಉಳಿಸುವ ನೋಶ್‌ದಾರು ಎಂಬ ಮದ್ದು ದೊರೆ ಕಾವೂಸನ ಹತ್ತಿರ ಇರುತ್ತದೆ. ಇಂಥ ತಂದೆ, ಇಂಥ ಮಗ ಒಂದಾದರೆ ತನ್ನ ಸಿಂಹಾಸನದ ಗತಿ ಏನು ಎಂದು ಅವನು ಕೊಡದೆ ಕೂರುತ್ತಾನೆ. ‘ಸೊಹ್ರಾಬ್ ಸತ್ತ ಮೇಲೆ ನೋಶ್‌ದಾರು’ ಎಂಬುದು ಇರಾನಿನಲ್ಲಿ ಇವತ್ತಿಗೂ ಗಾದೆ. ನಾವು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಹಾಗೆ. ಫಿರ್ದೌಸಿ ಕಥೆ ಶುರು ಮಾಡುವುದೇ ಒಂದು ಬೇಗುದಿಯಿಂದ: ಗಾಳಿ ಬೀಸಿ ಇನ್ನೂ ಬಲಿಯದ ಮಾದಲವನ್ನು ಮಣ್ಣಿಗೆ ಕೆಡವಿದರೆ ಅದನ್ನು ನ್ಯಾಯ ಎನ್ನೋಣವೇ, ಅನ್ಯಾಯ ಎನ್ನೋಣವೇ? ಮುಗಿಸುವಾಗ, ಇದು ಕಣ್ಣೀರು ತುಂಬಿದ ಕಥೆ, ಮೆದು ಮನಸ್ಸಿನವರಿಗೆ ರುಸ್ತುಂನ ಮೇಲೆ ಸಿಟ್ಟು ಬರುತ್ತದೆ ಎಂಬ ಮಾತು ಬರುತ್ತದೆ.

ಈಗ ಚಿತ್ರಕ್ಕೆ ಬನ್ನಿ. ಚಿತ್ರಕಾರರಿಗೆ ಅಳು ಬರೆಯಲು ಬರುತ್ತಿರಲಿಲ್ಲ ಎಂಬುದನ್ನು ತಲೆಯಿಂದ ತೆಗೆದುಹಾಕಿ. 1330ರ ದಶಕದಲ್ಲಿ, ಮಂಗೋಲರ ಆಳ್ವಿಕೆಯ ಕಾಲದಲ್ಲಿ, ತಬ್ರೀಜಿನಲ್ಲಿ ತಯಾರಾಯಿತು ಎನ್ನಲಾಗುವ ಒಂದು ದೊಡ್ಡ ಷಾಹನಾಮೆಯಿದೆ. ಅದರ ಒಂದು ಹಾಳೆಯಲ್ಲಿ ಸಿಕಂದರನ ಶವಪೆಟ್ಟಿಗೆ. ಅದು ಈಗ ವಾಷಿಂಗ್ಟನ್ನಿನ ಫ್ರಿಯರ್ ಗ್ಯಾಲರಿಯಲ್ಲಿದೆ. ತಾಯಿ ಪೆಟ್ಟಿಗೆಯ ಮೇಲೆ ದಬಕ್ಕನೆ ಬಿದ್ದಿದ್ದಾಳೆ, ನಮಗೆ ಕಾಣುವುದು ಅವಳ ಬೆನ್ನು ಮಾತ್ರ. ಹೆಂಗಸರು ತಲೆಗೂದಲು ಬಿಚ್ಚಿ ಕೈ ಮೇಲೆತ್ತಿ ಗೋಳಿಡುತ್ತಿದ್ದಾರೆ. ನೋಡುತ್ತಿದ್ದರೆ ಆ ಸದ್ದು ಕೇಳಿಸುತ್ತದೆ. ಅಂದರೆ ನಿಮ್ಮ ಹಾಳೆಗಿಂತ ಇನ್ನೂರು ವರ್ಷ ಮೊದಲೇ ಪರ್ಷಿಯನ್ ಕಲಾವಿದರಿಗೆ ಗೋಳಾಟ ಬರೆಯಲು ಚೆನ್ನಾಗಿ ಬರುತ್ತಿತ್ತು. ಆಮೇಲೆ ಅದನ್ನು ಬೇಕೆಂದೇ ಕೈಬಿಟ್ಟರು. 1430ರಲ್ಲಿ ಹೆರಾತಿನಲ್ಲಿ ರಾಜಕುಮಾರ ಬಾಯ್ಸುಂಗುರ್‌ಗಾಗಿ ತಯಾರಾದ ಪ್ರತಿ ಈಗ ತೆಹರಾನಿನ ಗುಲಿಸ್ತಾನ್ ಅರಮನೆಯಲ್ಲಿದೆ. ಅಷ್ಟು ಹೊತ್ತಿಗೆ ಅಭಿರುಚಿ ಪೂರ್ತಿ ಬದಲಾಗಿತ್ತು. ಪ್ರತಿ ಎಲೆ, ಪ್ರತಿ ಹೆಂಚು, ಪ್ರತಿ ಗುಂಡಿ ಕಡೆದಿಟ್ಟಂತೆ; ಮುಖಗಳು ಮಾತ್ರ ಶಾಂತ.

ಮುಖದ ಲೆಕ್ಕವೇ ಬೇರೆ. ಪರ್ಷಿಯನ್ ಕಾವ್ಯದಲ್ಲಿ ಚೆಲುವರೆಲ್ಲ ಚಂದ್ರಮುಖದವರು: ದುಂಡು ಮುಖ, ಬಾದಾಮಿ ಕಣ್ಣು, ಚುಕ್ಕಿಯಂಥ ಬಾಯಿ. ಚಿತ್ರಕಾರ ಅದನ್ನೇ ಬರೆಯುತ್ತಾನೆ. ಹಾಗಾದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಯಕ್ಷಗಾನದಲ್ಲಿ ನಾವು ಕಿರೀಟ, ಬಣ್ಣ ನೋಡಿಯೇ ವೇಷ ಗುರುತಿಸುವುದಿಲ್ಲವೇ? ರುಸ್ತುಂ ಎಂದರೆ ಹುಲಿಪಟ್ಟೆಯ ಅಂಗಿ, ಚಿರತೆಯ ತಲೆಯನ್ನೇ ಶಿರಸ್ತ್ರಾಣವಾಗಿ ತೊಟ್ಟವನು. ರಖ್ಶ್ ಎಂದರೆ ಕೇಸರಿ ಚುಕ್ಕೆಗಳ ಕುದುರೆ. ಅದರ ಮೈ ಕೇಸರಿಯ ಮೇಲೆ ಗುಲಾಬಿ ಎಸಳು ಚೆಲ್ಲಿದಂತಿತ್ತು ಎಂದು ಕಾವ್ಯವೇ ಹೇಳುತ್ತದೆ. ಭಾವ ಹೇಳುವ ಕೆಲಸ ಮುಖದ್ದಲ್ಲ, ಕೈಯದು. ನಿಮ್ಮ ಫೋಟೋದ ಮೇಲ್ಭಾಗ ನೋಡಿ. ಗುಡ್ಡದ ಹಿಂದಿನಿಂದ ನಾಲ್ಕೈದು ಸೈನಿಕರು ಅರ್ಧ ಮೈ ತೋರಿಸಿ ಇಣುಕುತ್ತಿದ್ದಾರೆ. ಅವರಲ್ಲೊಬ್ಬ ತೋರುಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಿದ್ದಾನೆ. ಸುಮ್ಮನಿರಿ ಎನ್ನುತ್ತಿದ್ದಾನೆ ಅಂದುಕೊಳ್ಳಬೇಡಿ. ಫಾರಸಿಯಲ್ಲಿ ಅದಕ್ಕೆ ಬೆರಗಿನ ಬೆರಳು ಎಂಬ ಹೆಸರೇ ಇದೆ. ನಾವು ಮೂಗಿನ ಮೇಲೆ ಬೆರಳಿಡುತ್ತೇವೆ, ಅವರು ತುಟಿಯ ಮೇಲೆ. ಅವನು ನಮ್ಮ ಪರವಾಗಿ ಅಲ್ಲಿ ನಿಂತವನು.

ಮುಖ ಶಾಂತವಾಗಿದ್ದೂ ಎದೆ ಹಿಂಡುವ ಚಿತ್ರ ಹೇಗಿರುತ್ತದೆ ಎಂದು ನೋಡಬೇಕಾದರೆ ಸುಲ್ತಾನ್ ಮುಹಮ್ಮದ್ ಬರೆದ ‘ಗಯೂಮರ್ಸನ ಆಸ್ಥಾನ’ ನೋಡಿ. ಸಫಾವಿ ದೊರೆ ಷಾ ತಹ್ಮಾಸ್ಪನ ಷಾಹನಾಮೆಗಾಗಿ 1520ರ ದಶಕದಲ್ಲಿ ತಬ್ರೀಜಿನಲ್ಲಿ ಬರೆದದ್ದು; ಈಗ ಟೊರಾಂಟೊದ ಆಗಾ ಖಾನ್ ಮ್ಯೂಸಿಯಂನಲ್ಲಿದೆ. ಹಾಳೆಯ ಎತ್ತರ ಒಂದೂವರೆ ಅಡಿ ಅಷ್ಟೇ. ಲೋಕದ ಮೊದಲ ದೊರೆ ಗಯೂಮರ್ಸ್ ಬೆಟ್ಟದ ತುದಿಯಲ್ಲಿ ಕೂತಿದ್ದಾನೆ. ಒಂದು ಪಕ್ಕದಲ್ಲಿ ಮಗ ಸಿಯಾಮಕ್, ಇನ್ನೊಂದು ಪಕ್ಕದಲ್ಲಿ ಮೊಮ್ಮಗ ಹೂಶಂಗ್. ಎಲ್ಲರೂ ಚಿರತೆ ಚರ್ಮ ಉಟ್ಟಿದ್ದಾರೆ, ಸಿಂಹಗಳೂ ಸಾಧುವಾಗಿ ಕೂತಿವೆ. ಇಷ್ಟರಲ್ಲೇ ದೈತ್ಯನೊಬ್ಬ ಸಿಯಾಮಕನನ್ನು ಕೊಲ್ಲಲಿದ್ದಾನೆ. ಚಿತ್ರದಲ್ಲಿ ಕೊಲೆಯ ಸುಳಿವೇ ಇಲ್ಲ. ಆದರೆ ತಂದೆಯ ನೋಟ ಕೆಳಗಿಳಿದು ಮಗನ ಮೇಲೆ ನಿಂತಿದೆ. ನೇರಳೆ, ಗುಲಾಬಿ, ಹಸಿರು ಬಂಡೆಗಳು ಕುದಿಯುವ ಪಾಕದಂತೆ ಉಕ್ಕುತ್ತಿವೆ. ಹತ್ತಿರ ಹೋದರೆ ಆ ಬಂಡೆಗಳ ಒಳಗೆ ಮನುಷ್ಯರ, ಪ್ರಾಣಿಗಳ ಮುಖಗಳು ಅಡಗಿ ಕೂತಿವೆ. ಅಳು ಇರುವುದು ಅಲ್ಲಿ, ಕಲ್ಲಿನಲ್ಲಿ. 1544ರಲ್ಲಿ ದೋಸ್ತ್ ಮುಹಮ್ಮದ್ ಎಂಬ ಕಲಾವಿದ ಈ ಚಿತ್ರದ ಬಗ್ಗೆ ಬರೆಯುತ್ತ, ಇದನ್ನು ಕಂಡು ಎಂಥ ಎದೆಗಾರ ಚಿತ್ರಕಾರರೂ ನಾಚಿ ತಲೆ ತಗ್ಗಿಸಿದರು ಎಂದಿದ್ದಾನೆ. ನನ್ನನ್ನು ಕೇಳಿದರೆ, ಹೊಗಳಿಕೆ ಹೆಚ್ಚಾಯಿತು ಎನಿಸದ ಅಪರೂಪದ ಆಸ್ಥಾನಿಕ ಮಾತು ಇದು.

ನಿಮ್ಮ ಹಾಳೆ ಆ ಮಟ್ಟದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಬೇಸರಿಸಬೇಡಿ. 16ನೇ ಶತಮಾನದ ಶಿರಾಜಿನಲ್ಲಿ ಷಾಹನಾಮೆ ಎಂದರೆ ವ್ಯಾಪಾರ. ದೊರೆ ಹೇಳಿ ಮಾಡಿಸದಿದ್ದರೂ ಅಂಗಡಿಗಾಗಿ ಪ್ರತಿಗಳು ತಯಾರಾಗುತ್ತಿದ್ದವು, ಆಟೋಮನ್ ಸೀಮೆಗೂ ಹಿಂದೂಸ್ತಾನಕ್ಕೂ ಹೋಗುತ್ತಿದ್ದವು. ಹಿಂದಿನ ಪ್ರತಿಯ ಗೆರೆಗಳ ಮೇಲೆ ಸೂಜಿಯಿಂದ ಸಾಲಾಗಿ ತೂತು ಚುಚ್ಚಿದ ತೆಳು ಚರ್ಮ ಇಟ್ಟು, ಇದ್ದಿಲ ಪುಡಿಯ ಗಂಟನ್ನು ತಟ್ಟಿದರೆ ಕೆಳಗಿನ ಕಾಗದದ ಮೇಲೆ ಚುಕ್ಕಿಗಳ ಗೆರೆ ಮೂಡುತ್ತದೆ. ನಮ್ಮ ರಂಗೋಲಿ ಅಚ್ಚಿನ ಉಪಾಯವೇ. ಹಾಗಾಗಿ ನಿಮ್ಮ ರುಸ್ತುಂ ಬಗ್ಗಿದ ಭಂಗಿಯನ್ನೇ ಬೇರೆ ಹತ್ತು ಪ್ರತಿಗಳಲ್ಲಿ ಕಂಡರೆ ಆಶ್ಚರ್ಯಪಡಬೇಡಿ.

ಆದರೆ ಸುಲ್ತಾನ್ ಮುಹಮ್ಮದ್ ಇರಲಿ, ಶಿರಾಜಿನ ಅಂಗಡಿಯವನಿರಲಿ, ಕೆಲಸದ ಕ್ರಮ ಒಂದೇ. ಮೊದಲು ಕಾಗದ: ಚಿಂದಿಬಟ್ಟೆಯ ತಿರುಳಿನಿಂದ ಮಾಡಿ, ಗಂಜಿ ಹಚ್ಚಿ ಒಣಗಿಸಿ, ನುಣುಪು ಕಲ್ಲಿನಿಂದ ಗಾಜಿನಂತಾಗುವ ತನಕ ಉಜ್ಜಿದ್ದು. ಹಲಗೆಯ ಮೇಲೆ ದಾರ ಬಿಗಿದು ಅದರ ಮೇಲೆ ಹಾಳೆ ಒತ್ತಿದರೆ ಶಾಯಿಯಿಲ್ಲದ ಗೆರೆಗಳು ಮೂಡುತ್ತವೆ. ಆ ಗೆರೆಯ ಮೇಲೆ ಮೊದಲು ಬರೆಯುವವನು ಲಿಪಿಕಾರ, ಚಿತ್ರಕಾರನಲ್ಲ. ಸಾಮಾನ್ಯವಾಗಿ ನಾಲ್ಕು ಕಂಬಗಳಲ್ಲಿ, ಅಂದರೆ ಕಾಲಂಗಳಲ್ಲಿ, ನಸ್ತಾಲಿಕ್ ಎಂಬ ಫಾರಸಿ ಬರಹ ಶೈಲಿಯ ಅಕ್ಷರ, ಎರಡು ಕಂಬಕ್ಕೆ ಒಂದು ದ್ವಿಪದಿ. ಎಲ್ಲಿ ಚಿತ್ರ ಬರಬೇಕೋ ಅಲ್ಲಿ ಜಾಗ ಬಿಟ್ಟು ಮುಂದೆ ಹೋಗುತ್ತಾನೆ. ಬಿಟ್ಟ ಜಾಗ ಸರಿಯಾದ ಪದ್ಯಕ್ಕೇ ಬಂದು ನಿಲ್ಲಬೇಕು. ಪದ್ಯ ಕಮ್ಮಿಬಿದ್ದರೆ ಸಾಲುಗಳನ್ನು ಓರೆಯಾಗಿ ಬರೆದು ಜಾಗ ತುಂಬಿಸುತ್ತಾನೆ. ಹಸ್ತಪ್ರತಿಯಲ್ಲಿ ಓರೆ ಸಾಲು ಕಂಡರೆ, ಪುಟ ತಿರುಗಿಸಿದ ಕೂಡಲೇ ಚಿತ್ರ ಸಿಗುತ್ತದೆ ಎಂದು ನಾವು ಕಾಯುತ್ತೇವೆ. ಬಸ್ಸು ನಿಲ್ದಾಣಕ್ಕೆ ಬರುವ ಮೊದಲು ನಿಧಾನವಾಗುತ್ತದಲ್ಲ, ಹಾಗೆ.

ಆಮೇಲೆ ಬಣ್ಣ. ಬದಖ್ಶಾನಿನ ಗಣಿಯ ಲಾಜವರ್ದ ಕಲ್ಲಿನಿಂದ ನೀಲಿ, ಪಾದರಸದ ಇಂಗಳೀಕದಿಂದ ಕೆಂಪು, ಹರಿತಾಳದಿಂದ ಹಳದಿ, ತಾಮ್ರದ ಕಿಲುಬಿನಿಂದ ಹಸಿರು. ಅಳಿಲಿನ ಬಾಲದ ಕೂದಲಿನ ಕುಂಚ. ಈ ಕಿಲುಬಿನ ಹಸಿರು ಬಲು ಕೆಟ್ಟದ್ದು, ಕಾಗದವನ್ನೇ ತಿನ್ನುತ್ತದೆ. ಚಿತ್ರದ ಸುತ್ತ ಆ ಹಸಿರಿನಲ್ಲಿ ಚೌಕಟ್ಟಿನ ಗೆರೆ ಎಳೆದಿದ್ದರೆ, ಕೆಲವು ಶತಮಾನಗಳ ಮೇಲೆ ಗೆರೆಯ ಗುಂಟ ಕಾಗದ ಬಿರಿದು ಚಿತ್ರವೇ ಕಿಟಕಿಯಂತೆ ಕಳಚಿ ಬೀಳುವುದುಂಟು.

ನಿಷೇಧದ ಪ್ರಶ್ನೆಗೆ ಚಿಕ್ಕ ಉತ್ತರ. ಕುರಾನಿನಲ್ಲಿ ಚಿತ್ರ ಬರೆಯಬಾರದು ಎಂಬ ನೇರ ಮಾತಿಲ್ಲ, ಪ್ರವಾದಿಯ ನಡೆನುಡಿಗಳನ್ನು ದಾಖಲಿಸುವ ಹದೀಸುಗಳಲ್ಲಿ ವಿರೋಧವಿದೆ. ಹಾಗಾಗಿ ಮಸೀದಿಯಲ್ಲಿ, ಕುರಾನಿನ ಪ್ರತಿಯಲ್ಲಿ ಮನುಷ್ಯರ ಚಿತ್ರ ಕಾಣುವುದಿಲ್ಲ. ಅರಮನೆಯ ಪುಸ್ತಕದ ಮಾತು ಬೇರೆ. ಆದರೂ ಒಳಗೊಳಗೆ ಕೊರೆತ ಇದ್ದೇ ಇತ್ತು. ಹಳೆಯ ಪ್ರತಿಗಳಲ್ಲಿ ಮುಂದಿನ ಯಾರೋ ಒಡೆಯ ಒದ್ದೆ ಬೆರಳಿನಿಂದ ಮುಖಗಳನ್ನಷ್ಟೇ ಉಜ್ಜಿ ಅಳಿಸಿರುವುದನ್ನು ಕಾಣುತ್ತೇವೆ. ಮಹಾ ಷಾಹನಾಮೆ ಮಾಡಿಸಿದ ತಹ್ಮಾಸ್ಪನೇ ನಡುವಯಸ್ಸಿನಲ್ಲಿ ಧರ್ಮದ ಕಡೆ ವಾಲಿ ಚಿತ್ರಕಲೆಯಿಂದ ಮುಖ ತಿರುಗಿಸಿದ. ಅದರ ಲಾಭ ಆದದ್ದು ನಮಗೆ: ರಾಜ್ಯ ಕಳೆದುಕೊಂಡು ಅವನ ಆಸರೆಗೆ ಹೋಗಿದ್ದ ಹುಮಾಯೂನ್ ಅಲ್ಲಿನ ಮೀರ್ ಸಯ್ಯಿದ್ ಅಲಿ, ಅಬ್ದುಸ್ಸಮದ್ ಎಂಬ ಕಲಾವಿದರನ್ನು ಕರೆಸಿಕೊಂಡ. ಮೊಗಲ್ ಚಿತ್ರಕಲೆ ಮೊಳೆತದ್ದು ಅವರ ಕೈಯಲ್ಲಿ.

ನೀವು ಕೇಳದಿದ್ದರೂ ಧಾರವಾಡದವರೆಂದು ಒಂದು ಮಾತು ಸೇರಿಸುತ್ತೇನೆ. 1347ರಲ್ಲಿ ಕಲಬುರಗಿಯಲ್ಲಿ ರಾಜ್ಯ ಕಟ್ಟಿದ ಬಹಮನಿಗಳು ತಾವು ‘ಬಹ್ಮನ್’ ವಂಶದವರೆಂದು ಹೇಳಿಕೊಂಡರಲ್ಲ, ಆ ಬಹ್ಮನ್ ಇದೇ ಷಾಹನಾಮೆಯ ಪಾತ್ರ. ರುಸ್ತುಂನ ಕೈಯಲ್ಲಿ ಸತ್ತ ಇಸ್ಫಂದಿಯಾರನ ಮಗ. ಸಾಯುವ ತಂದೆ ತನ್ನನ್ನು ಕೊಂದವನಿಗೇ ಮಗನನ್ನು ಒಪ್ಪಿಸಿ, ಬೆಳೆಸು ಎನ್ನುತ್ತಾನೆ. ರುಸ್ತುಂ ಬೆಳೆಸುತ್ತಾನೆ. ಅವನು ದೊಡ್ಡವನಾಗಿ, ರುಸ್ತುಂ ಸತ್ತ ಮೇಲೆ ದಂಡೆತ್ತಿ ಹೋಗಿ ರುಸ್ತುಂನ ಇನ್ನೊಬ್ಬ ಮಗ ಫರಾಮರ್ಜನನ್ನು ಕೊಲ್ಲುತ್ತಾನೆ. ನಮ್ಮ ಸುಲ್ತಾನರು ಆರಿಸಿಕೊಂಡ ಪೂರ್ವಜ ರುಸ್ತುಂನ ಮನೆ ಹಾಳುಮಾಡಿದವನು! ಬೀದರಿಗೆ ಬಂದಿದ್ದ ಇಸ್ಫರಾಯಿನ್ ಊರಿನ ಕವಿ ಆಜರಿ, ಅಹಮದ್ ಷಾ ಬಹಮನಿಗಾಗಿ ಈ ವಂಶದ ಚರಿತ್ರೆಯನ್ನು ಷಾಹನಾಮೆಯ ಧಾಟಿಯಲ್ಲೇ ಪದ್ಯವಾಗಿಸಲು ತೊಡಗಿದ್ದ.

ಈಗ ಕೊನೆಗೆ ನಿಮ್ಮ ಹಾಳೆ ‘ಬಿಡಿ’ ಹಾಳೆ ಹೇಗಾಯಿತು ಎಂಬುದು. ಸಿಕಂದರನ ಶವಪೆಟ್ಟಿಗೆಯಿದ್ದ ಆ ಮಂಗೋಲ್ ಕಾಲದ ಪ್ರತಿ 20ನೇ ಶತಮಾನದ ಆರಂಭದಲ್ಲಿ ಪ್ಯಾರಿಸಿನ ವ್ಯಾಪಾರಿ ಜಾರ್ಜ್ ಡೆಮಾಟ್ ಕೈಗೆ ಸಿಕ್ಕಿತು. ಹಾಳೆ ಹಾಳೆಯಾಗಿ ಮಾರಿದ. ಎರಡೂ ಬದಿ ಚಿತ್ರವಿದ್ದ ಹಾಳೆಗಳನ್ನು ಈರುಳ್ಳಿ ಸಿಪ್ಪೆಯಂತೆ ಸೀಳಿ ಒಂದನ್ನು ಎರಡು ಮಾಡಿದ. ತಹ್ಮಾಸ್ಪನ ಷಾಹನಾಮೆಗೂ ಒಳ್ಳೆಯ ಗತಿ ಸಿಗಲಿಲ್ಲ. 258 ಚಿತ್ರಗಳ ಆ ಗ್ರಂಥ 1568ರಲ್ಲಿ ಆಟೋಮನ್ ಸುಲ್ತಾನ ಎರಡನೆಯ ಸಲೀಮನಿಗೆ ಉಡುಗೊರೆಯಾಗಿ ಹೋಯಿತು. ಬಹುಕಾಲ ಅಖಂಡವಾಗಿಯೇ ಇತ್ತು. 1959ರಲ್ಲಿ ಅಮೆರಿಕದ ಆರ್ಥರ್ ಹೌಟನ್ ಕೊಂಡು, ಬಿಚ್ಚಿ, 78 ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು, ಇನ್ನಷ್ಟನ್ನು ಮಾರಿದರು. ಉಳಿದ 118 ಚಿತ್ರಗಳು 1994ರಲ್ಲಿ ಇರಾನಿಗೆ ಮರಳಿದವು. ಅದಕ್ಕೆ ಬದಲಾಗಿ ಇರಾನ್ ಕೊಟ್ಟದ್ದು ಅಮೆರಿಕದ ಆಧುನಿಕ ಚಿತ್ರಕಾರ ಡಿ ಕೂನಿಂಗ್ ಬರೆದ ಒಂದು ನಗ್ನ ಹೆಣ್ಣಿನ ಚಿತ್ರ. ಅದಲುಬದಲು ನಡೆದದ್ದು ವಿಯೆನ್ನಾದ ವಿಮಾನ ನಿಲ್ದಾಣದಲ್ಲಿ. 2022ರಲ್ಲಿ ಆ ಗ್ರಂಥದ ಒಂದೇ ಒಂದು ಹಾಳೆ ಲಂಡನ್ನಿನ ಹರಾಜಿನಲ್ಲಿ 80 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಪುಸ್ತಕ ಬಿಚ್ಚುವವರಿಗೆ ಇದಕ್ಕಿಂತ ಹೆಚ್ಚಿನ ಕಾರಣ ಬೇಕೆ?

ಈ ಕಥೆ ಹೇಳಿದ್ದು ಸುಮ್ಮನೆ ಅಲ್ಲ. ನಿಮ್ಮ ಫೋಟೋವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಚಿತ್ರದ ಮೇಲಿರುವ ಅಕ್ಷರ ಓದಿದೆ. ಚಿತ್ರಕ್ಕೆ ತಾಗಿಕೊಂಡಿರುವ ಕೊನೆಯ ದ್ವಿಪದಿಯಲ್ಲಿ ಸಾಯುತ್ತಿರುವ ಸೊಹ್ರಾಬ್ ಮಾತಾಡುತ್ತಿದ್ದಾನೆ: ಈಗ ನನ್ನ ಕವಚದ ಕಟ್ಟು ಬಿಚ್ಚು, ನನ್ನ ಬರಿ ಮೈ ನೋಡು. ರುಸ್ತುಂನ ಬಲಗೈ ನೋಡಿ, ಕಟ್ಟಿನ ಗಂಟಿನ ಮೇಲಿದೆ. ಗಂಟು ಬಿಚ್ಚಿಲ್ಲ, ತೋಳಿನ ಮಣಿ ಕಂಡಿಲ್ಲ. ಮುಂದಿನ ದ್ವಿಪದಿಗಳಲ್ಲಿ ಅವನು ಬಿಚ್ಚುತ್ತಾನೆ, ಮಣಿ ಕಾಣುತ್ತಾನೆ, ತೊಟ್ಟ ಬಟ್ಟೆಯನ್ನೆಲ್ಲ ಹರಿದುಕೊಳ್ಳುತ್ತಾನೆ. ಚಿತ್ರ ಪುಟದ ತಳದವರೆಗೂ ಇರುವುದರಿಂದ ಆ ಸಾಲುಗಳು ಇದೇ ಹಾಳೆಯ ಬೆನ್ನಿಗಿರಬೇಕು, ನೀವು ನೋಡಿದ ಗಾಜಿನ ಚೌಕಟ್ಟಿನಲ್ಲಿ ಗೋಡೆಯ ಕಡೆಗೆ ಮುಖ ಮಾಡಿಕೊಂಡು.